ತಿರುವಿನ ಏಳನೇ ಮರ

ಕಣ್ಣಾಸ್ಪತ್ರೆಯಲ್ಲಿ ಔಷಧಿ ಹಾಕಿಸಿಕೊಂಡು ಕಣ್ಣು ಮುಚ್ಚಿ ಕೂತಿದ್ದ ಲಾರಿ ಡ್ರೈವರನ ಕಿವಿಗೆ, ಪಕ್ಕದ ಬೆಂಚಿನ ತಾಯಿ ಮಗಳ ಮಾತು ಬೀಳುತ್ತಲೇ ಇತ್ತು.

“ಅಮ್ಮ, ನಾಳೆ ಹೆದ್ದಾರಿ ಮರ ಉಳಿಸೋ ಸಭೆಗೆ ನೀನು ಬರ್ಲೇಬೇಕು. ಅಲ್ಲಿನ ಗಿಡಮರದ ನಕ್ಷೆ ಹಾಕಿದವಳೇ ನೀನು.”

“ಬರ್ತೀನಿ. ದೊಡ್ಡ ತಿರುವಿನ ಮರ ಮಾತ್ರ ಕಡೀರಿ ಅಂತೀನಿ.”

“ನಿನಗೆ ಪ್ರಶಸ್ತಿ ಬಂದಿದ್ದೇ ಅದಕ್ಕಲ್ವಾ!”

“ತಿರುವಿನ ಹೊರಮಗ್ಗುಲಿಗೆ ಪೊದೆ ಬಿಟ್ಟು ಬೇರೇನೂ ನೆಡಬಾರದು ಕಣೆ. ಜಾರಿದ ಗಾಡಿ ಪೊದೇಲಿ ಸಿಕ್ಕಿ ನಿಂತ್ಕೊಳ್ಳುತ್ತೆ. ನಾನು ಅಂದಕ್ಕೆ ಅಂತ ಸಾಲಾಗಿ ಮರ ಇಟ್ಟೆ. ಹೆತ್ತವರಿಗೆ ಹೆಗ್ಗಣ ಮುದ್ದು.”

“ಏನಾಯ್ತು?”

“ಏಳನೇ ಮರಕ್ಕೆ ಒಂದು ಕಾರು ಹೊಡೀತು. ಗಂಡ ಹೆಂಡತಿ ಇಬ್ಬರೂ ಉಳೀಲಿಲ್ಲ.”

“ವೇಗವಾಗಿ ಬಂದಿರ್ತಾರೆ. ನಿನ್ನ ತಪ್ಪೇನು?”

“ಎಲ್ಲರೂ ಹಾಗೇ ಅಂದ್ರು. ನಾನೂ ಸುಮ್ಮನಾದೆ.”

ಡ್ರೈವರ್ ಕಣ್ಣು ತೆರೆಯಲಿಲ್ಲ. ಆ ತಿರುವಿನ ಮರಗಳ ನೆರಳಲ್ಲಿ ಅವನು ಎಷ್ಟೋ ಮಧ್ಯಾಹ್ನ ಲಾರಿ ನಿಲ್ಲಿಸಿ ಮಲಗಿದ್ದ.

ಒಳಗಿನಿಂದ ಕರೆ ಬಂತು. ಮಗಳು ತಾಯಿಯ ಕೈಹಿಡಿದು ಎಬ್ಬಿಸಿದಳು.

“ದಿನಾ ಬೆಳಗ್ಗೆ ಆ ತಿರುವಿನ ಫೋಟೋ ಮುಂದೆ ನಿಲ್ತೀಯಲ್ಲ, ಮೆಚ್ಕೊಂಡು ನಿಂತಿದೀಯ ಅಂದ್ಕೊಂಡಿದ್ದೆ.”

“ಎಣಿಸ್ತಾ ನಿಂತಿರ್ತೀನಿ. ಏಳರ ತನಕ.”