ಪದದಾಟದಲ್ಲಿ ಗೆದ್ದ ಮಗಳು

ನೆನಪಿನ ಶಕ್ತಿ ಪರೀಕ್ಷಿಸುವ ವೈದ್ಯರ ಕೋಣೆಯ ಹೊರಗೆ, ಬೆಂಚಿನ ಮೇಲೆ ಅಪ್ಪ ಮಗಳು ಕೂತಿದ್ದರು. ಅಪ್ಪನ ದನಿ ಸಾಲಿನಲ್ಲಿದ್ದವರಿಗೆಲ್ಲ ಕೇಳುತ್ತಿತ್ತು. ಮಗಳಿಗೆ ತಲೆ ಎತ್ತಲಾಗಲಿಲ್ಲ.

“ನಲವತ್ತು ವರ್ಷ ಪ್ರೆಸ್ಸಲ್ಲಿ ಕರಡು ತಿದ್ದಿದೋನು ನಾನು. ದಿನಾ ಫೋನಲ್ಲಿ ಪದದಾಟ ಆಡಿ ನಿನ್ನ ಹತ್ರ ಸೋಲ್ತೀನಿ ಅಂದ್ರೆ ತಲೆ ಕೆಟ್ಟಿದೆ ಅಂತಲೇ.”

“ಅಪ್ಪಾ, ಮನೆಗೆ ಹೋಗೋಣ.”

“‘ಝ’ಗೆ ನಾನು ಮೂರು ಪದ ಹೇಳೋಷ್ಟರಲ್ಲಿ ನೀನು ಹನ್ನೊಂದು! ಶಾಲೇಲಿ ಪ್ರಬಂಧಾನೂ ನನ್ನ ಕೈಲಿ ಬರೆಸ್ಕೊಂಡೋಳು.”

“ಮೊಬೈಲ್ ನೋಡ್ಕೊಂಡು ಹೇಳ್ತಿದ್ದೆ. ಅಕ್ಷರ ಒತ್ತಿದ್ರೆ ಅದೇ ಪಟ್ಟಿ ಕೊಡುತ್ತೆ.”

ಅಪ್ಪ ಅವಳತ್ತ ತಿರುಗಿದರು.

“ಎಷ್ಟು ದಿನದಿಂದ?”

“ಮೂರು ತಿಂಗಳು. ಒಂದ್ಸಲ ನಿನ್ನಿಂದ ಭೇಷ್ ಅನ್ನಿಸ್ಕೋಬೇಕು ಅಂತಿತ್ತು. ಆಮೇಲೆ ಬಿಡೋಕಾಗ್ಲಿಲ್ಲ. ನೀನು ಹೀಗೆ ಹೆದರ್ಕೊಳ್ತೀಯ ಅಂದ್ಕೊಂಡಿರ್ಲಿಲ್ಲ. ತಪ್ಪಾಯ್ತಪ್ಪಾ.”

“ಕಳ್ಳಿ! ಅಪ್ಪನ ಕಣ್ಣಿಗೇ ಮಣ್ಣೆರಚಿದ್ಯಾ?”

ಅವರು ಬಿದ್ದು ಬಿದ್ದು ನಕ್ಕರು. ಅವಳಿಗೂ ಹೋದ ಜೀವ ಬಂದಂತಾಯಿತು.

“ನಿಂಗೇನೂ ಆಗಿಲ್ಲ. ಏಳು.”

ಅಪ್ಪ ಏಳಲಿಲ್ಲ.

“ಆಟದ ಮಾತು ನೆಪ ಕಣೇ. ನಿನ್ನೆ ನಿಮ್ಮಮ್ಮನ್ನ ಕರೀಬೇಕಿತ್ತು, ಹೆಸರೇ ಹೊಳೀಲಿಲ್ಲ. ‘ಏನೇ’ ಅಂತ ಕೂಗಿ ಸುಮ್ಮನಾದೆ. ಪಾಪ, ಅವಳಿಗೆ ಗೊತ್ತಾಗ್ಲಿಲ್ಲ.”

ಏಳಲು ಹೊರಟಿದ್ದ ಮಗಳು ಮತ್ತೆ ಕೂತಳು.

“ನೀನು ಫೋನಲ್ಲಿ ತಡವರಿಸಿದಾಗೆಲ್ಲ ನಾನು ಗೆದ್ದೆ ಅಂತ ನಗ್ತಿದ್ದೆನಲ್ಲಪ್ಪಾ.”

“ನೀನು ನಗೋದು ಕೇಳ್ತಿತ್ತು. ಅದಕ್ಕೇ ನಾನು ಆಡ್ತಿದ್ದೆ.”

ನರ್ಸ್ ಬಾಗಿಲು ತೆರೆದು ಕರೆದಳು. ಅಪ್ಪ ಮಗಳ ಭುಜ ಹಿಡಿದು ಎದ್ದರು. ಇಬ್ಬರೂ ಒಳಗೆ ಹೋದರು.