ಎಲೆ ಹಾಕದ ಆಟಿ

ಆಟಿ ತಿಂಗಳ, ಅಂದರೆ ಆಷಾಢದ, ಅಮಾವಾಸ್ಯೆಯ ರಾತ್ರಿ. ಹನ್ನೊಂದು ಗಂಟೆ ಕಳೆದಿರಬೇಕು. ಪೊಳಲಿಯಿಂದ ಆಚೆ, ಗದ್ದೆ ಮುಗಿಯುವಲ್ಲಿ ಒಂದು ಆಲದ ಮರ, ಅದರ ಬುಡದಲ್ಲಿ ಕಟ್ಟೆ ಇಲ್ಲದ ಬಾವಿ. ಹಗಲಲ್ಲೂ ಹೆಂಗಸರು ಅಲ್ಲಿ ನೀರಿಗೆ ಹೋಗುತ್ತಿರಲಿಲ್ಲ. ಆ ಹೊತ್ತಿನಲ್ಲಿ ಲೋಕನಾಥ ಅಲ್ಲಿಗೆ ಬಂದ. ಬಗಲಲ್ಲಿ ಆಚಾರಿಯಿಂದ ಅಂದೇ ಹದ ಹಾಕಿಸಿ ತಂದ ಕತ್ತಿ. ಮನೆಗೆ ಹೋಗುವವನಲ್ಲ ಅವನು. ಸುಬ್ಬಯ್ಯನನ್ನು ಕಡಿಯಲು ಕಾಯುವವನು.

ಇದು ಐವತ್ತೆಂಟನೆಯ ಇಸವಿಯ ಮಾತು. ಅದಕ್ಕೆ ಎರಡು ವರ್ಷ ಹಿಂದೆ, ದೀಪಾವಳಿ ಕಳೆದ ವಾರ, ಕೋಳಿ ಅಂಕದಲ್ಲಿ ಲೋಕನಾಥನ ತಮ್ಮ ಶೇಖರನ ಹುಂಜ ಸುಬ್ಬಯ್ಯನ ಹುಂಜವನ್ನು ಕೊಂದು ಹಾಕಿತು. ಸೋತ ಕೋಳಿ ಗೆದ್ದವನಿಗೆ. ಶೇಖರ ಅದನ್ನು ಎತ್ತಿಕೊಂಡು ಎಲ್ಲರೆದುರು ನಕ್ಕ. ಆ ಸಂಜೆ ಅವರಿಬ್ಬರೇ ಒಂದು ದೋಣಿಯಲ್ಲಿ ಹೊಳೆ ದಾಟಲು ಹೊರಟರು, ಆದರೆ ದಡ ಸೇರಿದ್ದು ಸುಬ್ಬಯ್ಯ ಒಬ್ಬನೇ. “ಕಾಲು ಜಾರಿ ಬಿದ್ದ” ಎಂದ. ಮೂರನೆಯ ದಿನ ಸಿಕ್ಕಿದ ಹೆಣದ ಎಡಗಡೆಯ ಬುರುಡೆ ಒಳಗೆ ಹೋಗಿತ್ತು. ನೋಡಿದವರು ಯಾರೂ ಇಲ್ಲ, ಹಾಗಾಗಿ ಕೇಸೂ ನಿಲ್ಲಲಿಲ್ಲ.

ತಾಯಿ ಜಲಜಾಕ್ಷಿ ಊರ ದೇವರ ಎದುರು, ನಡೆಯಲ್ಲಿ ತೆಂಗಿನಕಾಯಿ ಇಟ್ಟು, “ನೀನೇ ನೋಡಿಕೊ” ಎಂದು ಹೇಳಿ ಬಂದಳು. ಹಾಗೆ ಒಪ್ಪಿಸಿದ ಮೇಲೆ ಮನೆಯವರು ಕೈ ಹಾಕುವಂತಿಲ್ಲ. ಅದು ನಮ್ಮಲ್ಲಿ ಕ್ರಮ. ಆದರೆ ಲೋಕನಾಥನ ಹಟ ದೊಡ್ಡದು. ಅವನು ಬೇರೆಯೇ ಒಂದು ಆಣೆ ಹಾಕಿದ. ಆಟಿಯಲ್ಲಿ ನಾವೆಲ್ಲ ಸತ್ತವರಿಗೆ ಬಡಿಸುತ್ತೇವಲ್ಲ, ಕೋಣೆಯಲ್ಲಿ ಎಲೆ ಹಾಕಿ, ಬಾಗಿಲು ಮುಚ್ಚಿ, ಅವರು ಉಂಡು ಹೋಗುವ ತನಕ ಹೊರಗೆ ಕೂತಿರುತ್ತೇವಲ್ಲ, ಅದನ್ನೇ ನಿಲ್ಲಿಸಿದ. ಸುಬ್ಬಯ್ಯನ ಹೆಣ ಬೀಳುವ ತನಕ ತಮ್ಮನಿಗೆ ಎಲೆ ಇಲ್ಲ! ಇದು ತಮ್ಮನ ಮೇಲಿನ ಪ್ರೀತಿ ಎಂದೇ ಆ ಮಂಕು ತಿಳಿದಿದ್ದ.

ಒಂದು ಆಟಿ ಹಾಗೇ ಹೋಯಿತು. ಎರಡನೆಯದು ಬಂತು. ಆ ಸಂಜೆ ತಾಯಿ ಬಾಗಿಲಿಗೆ ಅಡ್ಡ ನಿಂತಳು.

“ಇವತ್ತಾದರೂ ಒಂದು ಎಲೆ ಹಾಕುವ ಮಗಾ. ಅವನು ಹಸಿದಿರ್ತಾನೆ.”

“ನಾಳೆ ಹಾಕುವ.”

ಅವಳು ಕತ್ತಿ ನೋಡಿದಳು. “ದೇವರಿಗೆ ಬಿಟ್ಟಾಗಿದೆ. ಅದರಲ್ಲಿ ನಿನಗೆ ಎಂತ ಕೆಲಸ?”

“ದೇವರಿಗೆ ಎರಡು ವರ್ಷ ಕೊಟ್ಟಾಯಿತು. ಸಾಕಾಗಲಿಲ್ಲವಾ?”

“ನನಗೆ ಉಳಿದದ್ದು ನೀನೊಬ್ಬ” ಎಂದಳು ಜಲಜಾಕ್ಷಿ. “ನಿನ್ನನ್ನು ನೇಣಿಗೆ ಹಾಕಿದರೆ ನಾನು ಯಾರ ಮುಖ ನೋಡುವುದು?”

ಅವನು ಅವಳನ್ನು ಸರಿಸಿ ಹೊರಟೇಬಿಟ್ಟ.

ಹಾಗೆ ಬಂದವನು ಈಗ ಆಲದ ಬುಡದಲ್ಲಿ ಉಸಿರು ಬಿಗಿಹಿಡಿದು ಕೂತಿದ್ದ. ಸುಬ್ಬಯ್ಯ ದಿನಾ ಇಸ್ಪೀಟು ಮುಗಿಸಿ ಬರುವುದು ಇದೇ ದಾರಿಯಲ್ಲಿ. ಮಳೆ ಬಿಟ್ಟಿತ್ತು. ಎಲೆಗಳಿಂದ ಬಾವಿಗೆ ನೀರು ಬೀಳುತ್ತಿತ್ತು... ಟಿಮ್... ಟಿಮ್... ಕಪ್ಪೆಗಳು ಕೂಗುತ್ತಿದ್ದವು. ಒಮ್ಮೆಲೇ ಅವು ನಿಂತವು.

ಚಪ್ಪಲಿ ಸದ್ದು. ಟಪ್, ಟಪ್. ಅದರ ಹಿಂದೆ ಇನ್ನೊಂದು. ಬರಿಗಾಲು, ನೆನೆದ ಕಾಲು... ಪಿಚ್... ಪಿಚ್...

ಇಬ್ಬರಾ? ಲೋಕನಾಥ ಕತ್ತಿಯ ಹಿಡಿ ಬಿಗಿ ಮಾಡಿದ. ಲಾಟೀನಿನ ಬೆಳಕು ಹತ್ತಿರ ಬಂತು. ಸುಬ್ಬಯ್ಯ ಸೊರಗಿ ಮೂಳೆಯಾಗಿದ್ದ. ತಿರುಗಿ ನೋಡದೆ, ಯಾರಿಗೋ ಉತ್ತರ ಕೊಡುತ್ತ ಬರುತ್ತಿದ್ದ. “ಹೌದು ಮಾರಾಯ... ಹೌದು... ನಾನೇ...”

ಅವನ ಹಿಂದೆ ನಾಲ್ಕು ಹೆಜ್ಜೆ ಬಿಟ್ಟು... ಶೇಖರ.

ಅದೇ ಪಟ್ಟೆ ಅಂಗಿ. ಕೂದಲಿಂದ ನೀರು ಇಳಿಯುತ್ತಿತ್ತು. ಎಡಗಡೆ ಬುರುಡೆ ಒಳಗೆ ಹೋಗಿತ್ತು.

ಲೋಕನಾಥ ಮರದ ಬುಡಕ್ಕೆ ಒತ್ತಿಕೊಂಡ. ಆದರೂ ಹಟ ಬಿಡಬೇಕಲ್ಲ! ಹಾರಿ ಎದುರು ನಿಂತು ಕತ್ತಿ ಎತ್ತಿಯೇಬಿಟ್ಟ. ಸುಬ್ಬಯ್ಯ ಓಡಲಿಲ್ಲ. ಲಾಟೀನು ಕೆಳಗಿಟ್ಟು, ಮೊಣಕಾಲೂರಿ, ಕುತ್ತಿಗೆ ಚಾಚಿದ.

“ಕಡಿ, ಲೋಕನಾಥ. ಕಾಲು ಹಿಡಿಯುತ್ತೇನೆ, ಕಡಿ. ದಿನಾ ಬರ್ತಾನೆ ಇವನು... ಊಟಕ್ಕೆ ಕೂತರೆ ಎದುರು ಕೂರ್ತಾನೆ. ನನ್ನಿಂದ ಆಗುವುದಿಲ್ಲ. ಒಮ್ಮೆ ಮುಗಿಸಿಬಿಡು.”

ಕತ್ತಿ ಇಳಿಯಲಿಲ್ಲ. ಹಿಂದಿನಿಂದ ಯಾರೋ ಮಣಿಕಟ್ಟು ಹಿಡಿದಿದ್ದರು. ಬಾವಿ ಕಲ್ಲಿನ ತಂಪು. ತುಂಬ ಹೊತ್ತು ನೀರಿನಲ್ಲಿದ್ದು ಸುಕ್ಕುಗಟ್ಟಿದ ಬೆರಳುಗಳು.

“ಇವನನ್ನು ಇದರಿಂದ ಬಿಡಿಸಬೇಡ ಅಣ್ಣ,” ಕಿವಿಯ ಹತ್ತಿರ ಪಿಸುಮಾತು. “ನನ್ನನ್ನು ಇವನ ಹಿಂದೆ ಕಳುಹಿಸಿದವರು ಬೇರೆ. ಅವರ ಕೆಲಸಕ್ಕೆ ನೀನು ಕೈ ಹಾಕಬೇಡ.”

“ಶೇಖರ... ನಿನಗಾಗಿಯೇ ಅಲ್ಲವಾ ನಾನು...”

“ನನಗಾಗಿಯಾ?” ಆ ಸ್ವರದಲ್ಲಿ ಪ್ರೀತಿ ಎಂಬುದು ಎಳ್ಳಷ್ಟೂ ಇರಲಿಲ್ಲ. “ಹೊಡೆದವನು ಇವನು, ಸರಿ. ಎರಡು ಆಟಿ ಉಪವಾಸ ಹಾಕಿದವನು ಯಾರು? ನನ್ನ ಎಲೆ ಎಲ್ಲಿ ಅಣ್ಣ?”

ಹಿಡಿಯ ಮೇಲಿನ ಬೆರಳು ಸಡಿಲವಾಯಿತು. ಕತ್ತಿ ಜಾರಿ ಬಾವಿಗೆ ಬಿತ್ತು... ದುಡುಂ. ಲೋಕನಾಥ ಓಡಿದ. ಹಿಂದಿನಿಂದ ಸುಬ್ಬಯ್ಯ ಕೂಗುತ್ತಲೇ ಇದ್ದ. “ಕಡಿದು ಹೋಗೋ! ದಮ್ಮಯ್ಯ, ಕಡಿದು ಹೋಗೋ!” ಅಷ್ಟು ಘೋರವಾದ ಕೂಗನ್ನು ಲೋಕನಾಥ ಜನ್ಮದಲ್ಲಿ ಕೇಳಿರಲಿಲ್ಲ.

ಮನೆಯಲ್ಲಿ ತಾಯಿ ನಿದ್ದೆ ಮಾಡಿರಲಿಲ್ಲ. “ಎಲೆ ಹಾಕುವ ಅಮ್ಮ... ಈಗಲೇ” ಎಂದ. ಅವಳು ಎದ್ದು ಅಡುಗೆಮನೆಗೆ ಹೋದಳು. ಕೋಳಿ ಇರಲಿಲ್ಲ, ರೊಟ್ಟಿ ಇರಲಿಲ್ಲ. ಕುಚ್ಚಲಕ್ಕಿ ಅನ್ನ, ಒಣಮೀನಿನ ಚಟ್ನಿ, ಒಂದು ಚೆಂಬು ನೀರು. ಬಾಗಿಲು ಮುಚ್ಚಿ ಇಬ್ಬರೂ ಕತ್ತಲೆಯಲ್ಲಿ ಕೂತರು. ಒಳಗೆ ಎಲೆಯ ಮೇಲೆ ಬೆರಳೆಳೆಯುವ ಸದ್ದು... ಸರ್... ಸರ್... ಚೆಂಬು ನೆಲಕ್ಕೆ ತಾಗಿದ ಸದ್ದು. ಮತ್ತೆ ಸರ್... ಸರ್... ಎಷ್ಟು ಹಸಿದಿದ್ದನೋ, ಮುಗಿಯಲೇ ಇಲ್ಲ. ಲೋಕನಾಥನಿಗೆ ನಾಚಿಕೆಯಿಂದ ಸತ್ತೇ ಹೋದರೆ ಸಾಕು ಅನ್ನಿಸಿತು. ಮೂವತ್ತು ವರ್ಷದ ಗಂಡಸು ತಾಯಿಯ ಮಡಿಲಲ್ಲಿ ಮುಖವಿಟ್ಟು ಅತ್ತ.

ತಿಂಗಳು ಕಳೆಯಲಿಲ್ಲ. ಒಂದು ಬೆಳಿಗ್ಗೆ ಸುಬ್ಬಯ್ಯ ತಾನಾಗಿ ಬಂಟ್ವಾಳಕ್ಕೆ ನಡೆದು, ಪೊಲೀಸರೆದುರು ಕೂತು, ದೋಣಿಯ ಹುಟ್ಟಿನಿಂದ ಹೇಗೆ ಹೊಡೆದೆ, ಎಲ್ಲಿ ನೂಕಿದೆ, ಎಲ್ಲ ಹೇಳಿಬಿಟ್ಟ. ಜೀವಾವಧಿ ಆಯಿತು. ನೇಣು ಕೊಡಿ ಎಂದು ಕೋರ್ಟಿನಲ್ಲಿ ಬೇಡಿಕೊಂಡನಂತೆ. ಯಾರೂ ಕೊಡಲಿಲ್ಲ.

ಆ ಬೆಳಿಗ್ಗೆ ಸ್ಟೇಷನ್ನಿಗೆ ಹೋಗುವ ಮೊದಲು ಅವನು ಶರೀಫನ ಹೋಟೆಲಿಗೆ ನುಗ್ಗಿ ಎರಡು ಚಾ ಹೇಳಿದ್ದ. “ಇನ್ನೊಂದು ಯಾರಿಗೆ?” ಎಂದ ಶರೀಫ್. ಸುಬ್ಬಯ್ಯ ಒಂದು ಲೋಟ ತಾನು ಹಿಡಿದು, ಇನ್ನೊಂದನ್ನು ಎದುರಿನ ಖಾಲಿ ಬೆಂಚಿನ ಕಡೆಗೆ ದೂಡಿದ. ಶರೀಫ್ ಬಾಣಲೆಯಲ್ಲಿದ್ದ ಗೋಳಿಬಜೆ ಮಗುಚಿ ತಿರುಗುವಾಗ ಸುಬ್ಬಯ್ಯನ ಚಾ ಹಾಗೇ ಇತ್ತು. ಆಚೆಯ ಲೋಟ ಖಾಲಿ.

ಸುಳ್ಳಲ್ಲ. ಶರೀಫ್ ಇನ್ನೂ ಗಟ್ಟಿ ಇದ್ದಾನೆ, ಹೋಗಿ ಕೇಳಿ. ಆ ಬೆಂಚನ್ನು ಒರೆಸಿದ್ದು ಅವನೇ. ಎರಡು ಸಲ ಒರೆಸಬೇಕಾಯಿತಂತೆ, ಅಷ್ಟು ನೀರು.