ನೀಲಿ ಅಂಗಿ, ಹಳದಿ ಪಟ್ಟಿ

ಈ ಸಭೆಯ ಅಧ್ಯಕ್ಷತೆ ವಹಿಸಿರುವ ಹಿರಿಯರೇ, ಧಾರವಾಡದಿಂದ ನಸುಕಿನ ಬಸ್ಸು ಹಿಡಿದು ಬಂದು ನಮ್ಮ ಮಾನ ಉಳಿಸಿದ ಮುಖ್ಯ ಅತಿಥಿಗಳೇ, ಕಾಳಿತೀರ ಫುಟ್‌ಬಾಲ್ ಬಳಗದ ಪದಾಧಿಕಾರಿಗಳೇ, ಮೊದಲ ಪಾಳಿ ಮುಗಿಸಿ ಮನೆಗೂ ಹೋಗದೆ ನೇರವಾಗಿ ಇಲ್ಲಿಗೆ ಬಂದಿರುವ ಕಾರ್ಖಾನೆಯ ಗೆಳೆಯರೇ, ಹಳಿಯಾಳ, ಜೋಯಿಡಾ, ಮುಂಡಗೋಡದ ಆಟಗಾರರೇ, ತಾಯಂದಿರೇ, ಮುಂದಿನ ಸಾಲಿನಲ್ಲಿ ನೀಲಿ ಅಂಗಿ ತೊಟ್ಟು ಒಂದು ಕ್ಷಣವೂ ಸುಮ್ಮನೆ ಕೂರದ ಮಕ್ಕಳೇ, ನನ್ನ ಪ್ರೀತಿಯ ಸಭಿಕರೇ,

ಇಪ್ಪತ್ತೈದು ವರ್ಷ! ನಂಬಲಾಗುತ್ತದೆಯೇ? ಹನ್ನೊಂದು ಜನ, ಒಂದು ಚೆಂಡು, ಅದಕ್ಕೂ ಒಂದು ತೇಪೆ. ಹೀಗೆ ಶುರುವಾದ ಬಳಗ ಇದು. ಇವತ್ತು ಇಲ್ಲಿ ಅರವತ್ತು ಮಕ್ಕಳು ಕುಳಿತಿದ್ದಾರೆ. ಬೆಳಗಿನಿಂದ ನನಗೆ ಊಟ ಸೇರಿಲ್ಲ, ಕಾಲು ನಿಂತಲ್ಲಿ ನಿಲ್ಲುತ್ತಿಲ್ಲ. ಐವತ್ತು ದಾಟಿದವನು ಹೀಗೆ ಕುಣಿಯಬಾರದು ಎಂದು ನನ್ನ ಹೆಂಡತಿ ಎರಡು ಸಲ ಹೇಳಿದ್ದಾಳೆ. ಮೂರನೇ ಸಲ ಹೇಳುವಷ್ಟರಲ್ಲಿ ನಾನು ವೇದಿಕೆ ಹತ್ತಿಬಿಟ್ಟೆ.

ನನಗೆ ಕೊಟ್ಟ ಕೆಲಸ ಚಿಕ್ಕದು. ಬಳಗದ ಮೊದಲ ನಾಯಕ ಎಂಬ ನೆಪದಲ್ಲಿ ಈ ಶಾಲು ಹೊದಿಸಿಕೊಳ್ಳಬೇಕು. ಆಮೇಲೆ ಅಲ್ಲಿ, ಎಡಗಡೆ, ಪರದೆ ಮುಚ್ಚಿ ನಿಲ್ಲಿಸಿರುವ ಶಿಲಾಫಲಕದ ದಾರ ಎಳೆಯಬೇಕು. ಫಲಕದಲ್ಲಿ ಏನಿದೆ ಎಂದು ಮುಖ್ಯ ಅತಿಥಿಗಳು ಈಗಷ್ಟೇ ಎಷ್ಟು ಸೊಗಸಾಗಿ ಹೇಳಿದರು! ‘ನಮ್ಮ ಅಂಗಿಯ ನೀಲಿ ಕಾಳಿ ನದಿಯದು, ಎದೆಯ ಹಳದಿ ಪಟ್ಟಿ ಆ ನದಿಯ ಮೇಲೆ ಹುಟ್ಟುವ ಸೂರ್ಯನದು.’ ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಈ ಮಕ್ಕಳಿಗೆ ಅದು ಬಾಯಿಪಾಠ. ಪ್ರತಿ ವರ್ಷದ ಸ್ಮರಣ ಸಂಚಿಕೆಯ ಮೊದಲ ಪುಟದಲ್ಲಿ ಅದೇ ಇದೆ.

ಸಭಿಕರೇ, ಅದು ಸುಳ್ಳು.

ಅಧ್ಯಕ್ಷರು ನನ್ನ ಕಡೆ ನೋಡುತ್ತಿದ್ದಾರೆ. ನೋಡಲಿ. ಆ ಸುಳ್ಳನ್ನು ಕಟ್ಟಿದವನು ನಾನೇ. ಕಾಳಿ ಎಂಬ ಹೆಸರಿನಲ್ಲೇ ಕಪ್ಪು ಇದೆಯಲ್ಲ, ಅದು ನೀಲಿ ಹೇಗಾಯಿತು ಎಂದು ಇಷ್ಟು ವರ್ಷದಲ್ಲಿ ಒಬ್ಬರಾದರೂ ಕೇಳಿದಿರೇನು? ಕೇಳಿದ್ದರೆ ನಾನು ಅಂದೇ ಸಿಕ್ಕಿಬೀಳುತ್ತಿದ್ದೆ. ಕಾಗದದ ಮೇಲಿದ್ದ ಸುಳ್ಳು ನಾಳೆಯಿಂದ ಕಲ್ಲಿನ ಮೇಲಿರುತ್ತದೆ. ಆದ್ದರಿಂದ ದಾರ ಎಳೆಯುವ ಮುಂಚೆ ನಿಜ ಏನೆಂದು ಹೇಳುತ್ತೇನೆ. ಸ್ವಲ್ಪ ಹೊತ್ತು ಹಿಡಿಯುತ್ತದೆ. ಚಹಾ ಆರಿದರೆ ಕ್ಷಮಿಸಿ.

ಮೊದಲ ನಾಲ್ಕು ವರ್ಷ ನಮ್ಮ ಅಂಗಿ ಹಸಿರು. ಅದಕ್ಕೇನೂ ದೊಡ್ಡ ಕಾರಣವಿಲ್ಲ. ಅಂಗಡಿಯಲ್ಲಿ ಹನ್ನೊಂದು ಅಂಗಿಗಾಗುವಷ್ಟು ಉಳಿದದ್ದು ಆ ಒಂದೇ ಬಟ್ಟೆ. ಆ ತಂಡದಲ್ಲಿ ಬಲಗಡೆ ಆಡುತ್ತಿದ್ದವನು ರುದ್ರೇಶ. ಕಾರ್ಖಾನೆಯಲ್ಲಿ ನಾವಿಬ್ಬರೂ ಒಂದೇ ಪಾಳಿ, ಒಂದೇ ಬುತ್ತಿ. ಅವನ ಓಟವನ್ನು ನೀವು ನೋಡಬೇಕಿತ್ತು! ಚೆಂಡು ಕಾಲಿಗೆ ಅಂಟಿದೆಯೋ ಏನೋ ಎಂದು ನೋಡುವವರಿಗೆ ಅನುಮಾನ. ಆದರೆ ಅವನಿಗೊಂದು ವಿಚಿತ್ರ ದೋಷವಿತ್ತು. ಕೆಲವು ಪಂದ್ಯಗಳಲ್ಲಿ ದೇವರಂತೆ ಆಡುತ್ತಿದ್ದ, ಕೆಲವು ಪಂದ್ಯಗಳಲ್ಲಿ ಚೆಂಡನ್ನು ಯಾರಿಗೆ ಕೊಡಬೇಕೆಂದು ತಿಳಿಯದೆ ತಡವರಿಸುತ್ತಿದ್ದ. ನಾವು ಅದನ್ನು ಅವನ ಲಹರಿ ಎಂದುಕೊಂಡೆವು.

2003ರ ಫೆಬ್ರವರಿ. ಹಳಿಯಾಳದ ಮೈದಾನದಲ್ಲಿ ಫೈನಲ್. ಎದುರಿಗೆ ತೇರಗಾಂವ ತಂಡ, ಅವರದು ಕೆಂಪು ಅಂಗಿ. ಆ ತಂಡದ ಮುಂಚೂಣಿ ಆಟಗಾರ ಪುಂಡಲೀಕ. ಆ ಪುಂಡಲೀಕನ ತಂಗಿ ನೀಲಕ್ಕನ ಜೊತೆ ನಮ್ಮ ರುದ್ರೇಶನ ನಿಶ್ಚಿತಾರ್ಥ ಆಗಿ ಹದಿನೈದು ದಿನವಾಗಿತ್ತು. ಎರಡೂ ಊರಿನವರಿಗೆ ಎಂಥ ತಮಾಷೆ, ನೆನೆಸಿಕೊಳ್ಳಿ! ಆಟ ಶುರುವಾಗುವ ಮುಂಚೆಯೇ ‘ಅಳಿಯಾ, ಮೆಲ್ಲಕ ಆಡೋ’ ಎಂದು ಕೂಗುವವರು ಕೂಗಿದರು. ನೀಲಕ್ಕ ಗೆಳತಿಯರ ಜೊತೆ ಟ್ರ್ಯಾಕ್ಟರಿನ ಟ್ರೇಲರಿನ ಮೇಲೆ ನಿಂತಿದ್ದಳು.

ಇಬ್ಬರದೂ ಒಂದೊಂದು ಗೋಲು. ಸಂಜೆಯಾಗಿತ್ತು, ಧೂಳು ಎದ್ದಿತ್ತು. ಎರಡು ನಿಮಿಷ ಬಾಕಿ. ನಮ್ಮ ಗೋಲಿನ ಹತ್ತಿರವೇ ರುದ್ರೇಶ ಎದುರಾಳಿಯಿಂದ ಚೆಂಡು ಕಿತ್ತುಕೊಂಡ. ನನಗೆ ಜೀವ ಬಂದಂತಾಯಿತು. ಅವನು ತಲೆ ಎತ್ತಿ ನೋಡಿದ. ನೋಡಿ, ಬಹಳ ನಾಜೂಕಾಗಿ, ಅಳತೆ ಮಾಡಿ, ಚೆಂಡನ್ನು ಪುಂಡಲೀಕನ ಕಾಲಿಗೆ ಉರುಳಿಸಿದ! ಪುಂಡಲೀಕನೇ ಒಂದು ಕ್ಷಣ ಗಾಬರಿಯಾಗಿ ನಿಂತ. ಆಮೇಲೆ ಗೋಲಿಗೆ ತಳ್ಳಿದ. ಮುಗಿಯಿತು.

ನಾನು ಏನು ಮಾಡಿದೆ ಗೊತ್ತೇ? ಇದನ್ನು ಯಾವ ಸಂಚಿಕೆಯಲ್ಲೂ ಬರೆದಿಲ್ಲ. ಸೀಟಿ ಊದಿದ ಕೂಡಲೇ ಮೈದಾನದ ನಡುವೆ ಓಡಿಹೋಗಿ, ‘ಬೀಗರಿಗೆ ಉಡುಗೊರಿ ಕೊಟ್ಟಿಯೇನೋ ಮಗನ?’ ಎಂದು ಅವನ ಕೆನ್ನೆಗೆ ಹೊಡೆದೆ. ಸಣ್ಣ ಏಟಲ್ಲ. ಟ್ರೇಲರಿನ ಮೇಲಿದ್ದವರಿಗೆ ಕೇಳಿಸಿತು. ರುದ್ರೇಶ ತಿರುಗಿ ಹೊಡೆಯಲಿಲ್ಲ. ನನ್ನನ್ನು ನೋಡಿದ, ಪುಂಡಲೀಕನನ್ನು ನೋಡಿದ, ಮತ್ತೆ ನನ್ನನ್ನು ನೋಡಿ, ‘ನಾ ನಿನಗ ಕೊಟ್ಟಿದ್ನಲ್ಲೋ’ ಎಂದ. ಅಷ್ಟೇ. ಅಂಗಿ ಬಿಚ್ಚಿ ನನ್ನ ಕೈಗಿಟ್ಟು ನಡೆದ.

ಅವನ ಆ ಮಾತನ್ನು ನಾನು ಅಣಕ ಎಂದುಕೊಂಡೆ. ಪುಂಡಲೀಕ ನನ್ನಷ್ಟೇ ಎತ್ತರ, ನನ್ನಂತೆಯೇ ಗುಂಗುರು ಕೂದಲು. ಈಗ ನೀವು ನಂಬಲಿಕ್ಕಿಲ್ಲ, ಆಗ ನನಗೂ ಕೂದಲಿತ್ತು.

ರುದ್ರೇಶ ಅರ್ಜಿ ಕೊಟ್ಟು ಪಾಳಿ ಬದಲಿಸಿಕೊಂಡ. ಬುತ್ತಿ ಬೇರೆಯಾಯಿತು. ಊರಲ್ಲಿ ಮಕ್ಕಳು ಕೂಡ ಅವನನ್ನು ‘ಉಡುಗೊರೆ’ ಎಂದು ಕರೆಯತೊಡಗಿದರು, ನನ್ನ ಬಾಯಿಂದ ಬಂದ ಮಾತದು. ಅತ್ತ ತೇರಗಾಂವದಲ್ಲಿ ಪುಂಡಲೀಕ ಪಟ್ಟು ಹಿಡಿದ: ‘ನಾವು ಫೈನಲ್ ಗೆದ್ದ ಕಪ್ಪಿಗೆ ದಾನದ ಕಪ್ಪು ಅಂತ ಹೆಸರು ಬಂತು. ಅಂವಾ ಬೇಕಂತ ಕೊಟ್ಟಿಲ್ಲ ಅಂತ ಎಲ್ಲಾರ ಮುಂದ ಹೇಳ್ಲಿ, ಇಲ್ಲಾಂದ್ರ ಈ ಮದುವಿ ಬ್ಯಾಡ.’ ರುದ್ರೇಶ ಏನೆಂದು ಹೇಳಬೇಕು? ಏನಾಯಿತೆಂದು ಅವನಿಗೇ ಗೊತ್ತಿರಲಿಲ್ಲ.

ಒಂದು ಭಾನುವಾರ ಅವನು ತೇರಗಾಂವಕ್ಕೆ ಮಾತಾಡಲು ಹೋದ. ಅಂಗಳದಲ್ಲಿ ಅಂದೇ ಕಿತ್ತು ತಂದ ಮೆಣಸಿನಕಾಯಿ ರಾಶಿ. ಪುಂಡಲೀಕ ಮುಖ ತಿರುಗಿಸಿ ಕಟ್ಟೆಯ ಮೇಲೆ ಕುಳಿತಿದ್ದ. ಏನು ಮಾಡಬೇಕೆಂದು ತೋಚದೆ ರುದ್ರೇಶ ರಾಶಿಯ ಮುಂದೆ ಕುಳಿತು, ಮನೆಯವರ ಜೊತೆ ಹಸಿರು ಕಾಯಿ ಬೇರೆ, ಕೆಂಪು ಹಣ್ಣು ಬೇರೆ ಮಾಡತೊಡಗಿದ. ಅರ್ಧ ಗಂಟೆಯ ಮೇಲೆ ನೀಲಕ್ಕ ಬಂದು ಅವನ ಬುಟ್ಟಿ ನೋಡಿದಳು.

‘ಇದೇನ್ರಿ, ಎಲ್ಲಾ ಕೂಡಿಸಿ ಹಾಕೀರಲ್ಲ?’

‘ಇಲ್ಲಲ್ಲ, ಮೆತ್ತಗಿದ್ದವು ಈ ಕಡೆ, ಗಟ್ಟಿ ಇದ್ದವು ಆ ಕಡೆ ಹಾಕೀನಿ.’

ಅವಳು ಒಂದು ಕೆಂಪು, ಒಂದು ಹಸಿರು ಕೈಯಲ್ಲಿ ಹಿಡಿದು, ‘ಮುಟ್ಟಬ್ಯಾಡ್ರಿ. ಇದು ಯಾವ ಬಣ್ಣ, ಇದು ಯಾವ ಬಣ್ಣ?’ ಎಂದು ಕೇಳಿದಳು.

ರುದ್ರೇಶ ಬಹಳ ಹೊತ್ತು ನೋಡಿ, ‘ಎರಡೂ ಮೆಣಸಿನಕಾಯಿ ಬಣ್ಣ’ ಎಂದನಂತೆ.

ನಗಿರಿ, ನಗಿರಿ! ಈಗ ಅವರಿಬ್ಬರೂ ಇದನ್ನು ಹೇಳಿಕೊಂಡು ನಗುತ್ತಾರೆ. ಆ ದಿನ ಮಾತ್ರ ನೀಲಕ್ಕ ನಗಲಿಲ್ಲ.

ಬುಧವಾರ ಮಧ್ಯಾಹ್ನ ಎರಡು ಗಂಟೆಗೆ ಪಾಳಿ ಬಿಟ್ಟು ನಾವೆಲ್ಲ ಸೈಕಲ್ ತಳ್ಳಿಕೊಂಡು ಗೇಟಿನಿಂದ ಹೊರಗೆ ಬರುತ್ತಿದ್ದೇವೆ. ಅಷ್ಟು ಗಂಡಸರ ನಡುವೆ ಒಬ್ಬ ಹುಡುಗಿ ಕೈಯಲ್ಲಿ ಬಸ್ಸಿನ ಟಿಕೆಟ್ ಹಿಡಿದು ನಿಂತಿದ್ದಾಳೆ.

‘ಗೂಳಪ್ಪಣ್ಣಾರು ಅಂದ್ರ ನೀವ ಏನ್ರಿ?’

‘ಹೌದವಾ, ನೀ ಯಾರು?’

‘ನಾ ತೇರಗಾಂವದ ನೀಲಕ್ಕ. ನೀವು ಹೊಡದ್ರಲ್ಲ, ಆ ಹುಡುಗನ್ನ ಮದುವಿ ಆಗಾಕಿ.’

ಸಭಿಕರೇ, ನಾನು ಐದು ಅಡಿ ಹತ್ತು ಅಂಗುಲ. ಆ ಹೊತ್ತು ಐದು ಅಡಿಯೂ ಉಳಿಯಲಿಲ್ಲ.

‘ನಿಮ್ಮ ಅಂಗಿ ಹಸಿರು, ನಮ್ಮೂರವ್ರದು ಕೆಂಪು. ಅವರಿಗೆ ಎರಡೂ ಒಂದ ಕಾಣ್ತಾವ್ರಿ. ಎಲ್ಲಾರಿಗೂ ಹಂಗ ಕಾಣ್ತೈತಿ ಅಂತ ತಿಳ್ಕೊಂಡಿದ್ರಂತ. ನಿನ್ನೆ ಹಳಿಯಾಳದಾಗ ಕಣ್ಣಿನ ಡಾಕ್ಟರಿಗೆ ತೋರಿಸೇನಿ, ಹುಟ್ಟಾ ಬಂದದ್ದು ಅಂದ್ರು. ನಮ್ಮಣ್ಣಗ ಅಷ್ಟ ಹೇಳೀನಿ. ನಮ್ಮ ಹಿರ್ಯಾರಿಗೆ ಗೊತ್ತಾದ್ರ ಕಣ್ಣಿಗೆ ಐಬು ಐತಿ ಅಂತ ಮದುವಿ ಮುರೀತಾರ. ಮೇ ತಿಂಗಳದಾಗ ಅಕ್ಷತಾ ಬೀಳೂ ಮಟಾ ನೀವು ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ. ಆದ್ರ ಅವರನ್ನ ಮತ್ತ ಆಡಸ್ರಿ. ಆಡಲಾರದ ಅವರು ಅವರಾಗೇ ಉಳದಿಲ್ಲ.’

ನಾನು ‘ಆತವಾ’ ಎಂದು ಮಾತು ಕೊಟ್ಟ ಮೇಲೆ ಎರಡೂವರೆಯ ಬಸ್ಸಿಗೆ ಹೋದಳು.

ನಾನು ಆ ಸಂಜೆಯೇ ರುದ್ರೇಶನ ಮನೆಗೆ ಹೋದೆ. ಏನು ಹೇಳಬೇಕಿತ್ತು, ನಿಮಗೂ ಗೊತ್ತು, ನನಗೂ ಗೊತ್ತಿತ್ತು. ದಾರಿಯುದ್ದಕ್ಕೂ ಆ ಮಾತನ್ನು ಬಾಯಲ್ಲಿ ಹಿಡಿದುಕೊಂಡೇ ಹೋದೆ. ಬಾಗಿಲಲ್ಲಿ ಅವನ ಮುಖ ಕಂಡದ್ದೇ, ‘ಹೊಸಾ ಅಂಗಿಗೆ ಬಟ್ಟಿ ಆರಸಬೇಕು, ಬಾ, ಅಂಗಡಿಗೆ ಹೋಗೂಣು’ ಎಂದುಬಿಟ್ಟೆ. ಅವನು ಚಪ್ಪಲಿ ಮೆಟ್ಟಿದ.

ಆಹಾ, ಆ ಅಂಗಡಿಯ ಸಂಜೆ! ನಮ್ಮ ಗೋಲ್‌ಕೀಪರ್ ಶಿವಲಿಂಗನನ್ನೂ, ಕಾರಣ ಹೇಳದೆ, ಕರೆದುಕೊಂಡಿದ್ದೆವು. ನಾನು ಒಂದೊಂದೇ ಬಟ್ಟೆಯ ತುಂಡು ಅವನ ಹೆಗಲಿಗೆ ಹಾಕುವುದು, ಅವನು ರಸ್ತೆ ದಾಟಿ ಸಂತೆಯ ಜನರ ನಡುವೆ ಓಡುವುದು, ರುದ್ರೇಶ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಹುಡುಕುವುದು. ಕಂದು ಹಾಕಿದೆವು, ಕಳೆದುಹೋದ. ಕೇಸರಿ ಹಾಕಿದೆವು, ಬಾಳೆಹಣ್ಣಿನ ಗಾಡಿಯ ಹತ್ತಿರ ಕಳೆದುಹೋದ. ಅಂಗಡಿಯವರು ನಾವು ಬಟ್ಟೆ ಕದಿಯಲು ಬಂದವರೆಂದುಕೊಂಡು ಹೊರಗೆ ಬಂದು ನಿಂತರು. ಕೊನೆಗೆ ನೀಲಿ ತುಂಡು, ಅದರ ಮೇಲೆ ಅಡ್ಡಲಾಗಿ ಒಂದು ಹಳದಿ ಪಟ್ಟಿ ಹಾಕಿದೆವು. ಶಿವಲಿಂಗ ಓಡಿದ. ಕೆಂಪು ಸೀರೆಯವರು, ಹಸಿರು ಸೊಪ್ಪಿನ ಬುಟ್ಟಿಯವರು, ಆಟೋಗಳು, ಎಲ್ಲದರ ನಡುವೆ ಓಡಿದ. ರುದ್ರೇಶ ಮೆಟ್ಟಿಲ ಮೇಲಿಂದ ಬೆರಳು ಮಾಡಿ, ‘ಅಲ್ಲ್ಯದಾನ! ಈಗ ಅಲ್ಲಿ! ಅಲ್ಲೀ! ಎಲ್ಲಿ ಹೋದ್ರೂ ಕಾಣ್ತಾನಲೋ ಇಂವಾ!’ ಎಂದು ಕೂಗತೊಡಗಿದ. ಸಂತೆಯ ಜನ ನಿಂತು ನೋಡುತ್ತಿದ್ದರು. ಅವನು ಕಣ್ಣು ಒರೆಸಿಕೊಂಡು ಮತ್ತೆ ಕೂಗಿದ.

ನಮ್ಮ ಬಣ್ಣ ಹುಟ್ಟಿದ್ದು ಅಲ್ಲಿ. ನದಿಯಲ್ಲಿ ಅಲ್ಲ, ಸೂರ್ಯನಲ್ಲಿ ಅಲ್ಲ, ಒಬ್ಬ ಗೆಳೆಯನ ಕಣ್ಣಿನಲ್ಲಿ.

ಹಾಗಾದರೆ ನದಿ ಎಲ್ಲಿಂದ ಬಂತು? ಅಂಗಿ ಹೊಲಿದದ್ದು ನನ್ನ ತಾಯಿ ಯಲ್ಲವ್ವ. ಹೊಲಿಗೆಯಂತ್ರ ತುಳಿಯುತ್ತ, ‘ಹಸರು ಯಾಕ ಬ್ಯಾಡಾತಪಾ?’ ಎಂದು ಕೇಳಿದಳು. ನೀಲಕ್ಕನಿಗೆ ಮಾತು ಕೊಟ್ಟಿದ್ದೆನಲ್ಲ, ಬಾಯಿಗೆ ಬಂದದ್ದು ಹೇಳಿದೆ: ‘ನೀಲಿ ಅಂದ್ರ ನಮ್ಮ ಹೊಳಿ ಯವ್ವಾ, ಹಳದಿ ಅಂದ್ರ ಸೂರ್ಯ.’ ಅವಳು ದಾರ ಕಡಿಯುತ್ತ, ‘ಚಲೋ ಐತಿ, ಭಾಷಣಕ್ಕ ಇಟ್ಕೋ’ ಎಂದಳು. ಸಂಜೆಯೊಳಗೆ ಓಣಿಗೆಲ್ಲ ಹಬ್ಬಿಸಿದ್ದಳು.

ಮೇ ತಿಂಗಳಲ್ಲಿ ಮದುವೆ ಆಯಿತು. ಪುಂಡಲೀಕನೇ ಮುಂದೆ ನಿಂತು ಮಾಡಿಸಿದ. ನವೆಂಬರಿನಲ್ಲಿ ಹೊಸ ಅಂಗಿಯ ಮೊದಲ ಪಂದ್ಯ, ಮುಂಡಗೋಡದಲ್ಲಿ. ಎದುರಾಳಿಗಳದು ಹಸಿರು. ನಾನು ಎಡಗಡೆ ತುದಿಯಲ್ಲಿ, ರುದ್ರೇಶ ಬಲಗಡೆ ತುದಿಯಲ್ಲಿ. ಅವನು ತಲೆ ಎತ್ತಿದ, ಇಡೀ ಮೈದಾನದ ಮೇಲಿಂದ ಹಾರಿಸಿದ. ಚೆಂಡು ಬಂದು ನನ್ನ ಎದೆಯ ಹಳದಿ ಪಟ್ಟಿಯ ಮೇಲೆ ಬಿತ್ತು! ನಾನು ಗೋಲು ಹೊಡೆದೆನೋ ಇಲ್ಲವೋ ಎಂದು ಕೂಡ ನೋಡದೆ ಅವನು ಎರಡೂ ಕೈ ಎತ್ತಿ ಓಡುತ್ತ, ‘ಹತ್ತೂ ಮಂದಿ ಕಾಣಾಕತ್ತೀರೋ! ಹತ್ತೂ ಮಂದಿ!’ ಎಂದು ಅರಚುತ್ತಿದ್ದ. ಆ ಪಂದ್ಯದಲ್ಲಿ ನಾವು ಸೋತೆವು. ಸಂಚಿಕೆಯಲ್ಲಿ ಗೆದ್ದೆವು ಎಂದು ಅಚ್ಚು ಹಾಕಿದ್ದೀರಿ, ತಿದ್ದಿಕೊಳ್ಳಿ. ಆ ಗೋಲನ್ನೂ ನಾನು ಹೊಡೆಯಲಿಲ್ಲ, ಹೊರಗೆ ಒದ್ದೆ.

ಅಧ್ಯಕ್ಷರು ಮೂರನೇ ಚೀಟಿ ಕಳಿಸಿದ್ದಾರೆ. ಮುಗಿಸುತ್ತೇನೆ.

ಇಂದು ಈ ಸಭಾಂಗಣದ ಬಾಗಿಲಲ್ಲಿ ನೀಲಕ್ಕ ಸಿಕ್ಕಳು. ಫಲಕದ ಸುದ್ದಿ ಅವಳಿಗೂ ಗೊತ್ತಿತ್ತು. ‘ಅಣ್ಣಾರ, ಇವತ್ತೂ ಹೊಳಿ ಕತೀನ ಹೇಳ್ತೀರೇನ್ರಿ?’ ಎಂದಳು. ನಾನು, ‘ಮತ್ತೇನವಾ, ನಿನಗ ಮಾತು ಕೊಟ್ಟೇನಲ್ಲ’ ಎಂದೆ. ಅವಳು ನನ್ನ ಮುಖ ನೋಡಿ ಮೆಲ್ಲಗೆ, ‘ನಾ ಕೇಳಿದ್ದು ಅಕ್ಷತಾ ಬೀಳೂ ಮಟಾ ಅಷ್ಟ್ರೀ’ ಎಂದಳು.

ಸಭಿಕರೇ, ಅಕ್ಷತೆ ಬಿದ್ದದ್ದು 2003ರ ಮೇ ತಿಂಗಳಲ್ಲಿ. ಅವಳ ಗುಟ್ಟು ಮೂರು ತಿಂಗಳದು. ಉಳಿದ ಇಪ್ಪತ್ತೊಂದು ವರ್ಷದ ಗುಟ್ಟು ಯಾರದು? ರುದ್ರೇಶನದಲ್ಲ, ಅವನು ಮೆಣಸಿನಕಾಯಿಯ ಕಥೆಯನ್ನು ಬೀಗರ ಮನೆಯಲ್ಲೆಲ್ಲ ಹೇಳಿ ನಗಿಸಿದ್ದಾನೆ. ಬಣ್ಣ ಏಕೆ ಬದಲಾಯಿತು ಎಂದು ಹೇಳಿದರೆ ಆ ಫೈನಲ್ ಹೇಳಬೇಕು. ಫೈನಲ್ ಹೇಳಿದರೆ ಆ ಏಟು ಹೇಳಬೇಕು. ಆದ್ದರಿಂದ ನಾನು ಪ್ರತಿ ವರ್ಷ ನದಿಯನ್ನು ಹೇಳಿದೆ, ಸೂರ್ಯನನ್ನು ಹೇಳಿದೆ. ನೀವು ಪ್ರತಿ ವರ್ಷ ಚಪ್ಪಾಳೆ ತಟ್ಟಿದಿರಿ, ಅವನು ಹಿಂದಿನ ಸಾಲಿನಲ್ಲಿ ಕುಳಿತು ತಾನೂ ತಟ್ಟಿದ.

ಅವನು ಅಲ್ಲಿದ್ದಾನೆ, ಕಂಬದ ಪಕ್ಕದಲ್ಲಿ. ರುದ್ರೇಶ, ನೀನು ಚೆಂಡನ್ನು ನನಗೇ ಕೊಟ್ಟಿದ್ದೆ. ನಾನು ನಿನ್ನನ್ನು ಹೊಡೆದದ್ದು ತಪ್ಪು. ಅಂದು ನಿನ್ನ ಬಾಗಿಲಲ್ಲಿ ಇದನ್ನು ಹೇಳದೆ ಬಟ್ಟೆಯ ಮಾತಾಡಿದ್ದು ಅದಕ್ಕಿಂತ ದೊಡ್ಡ ತಪ್ಪು. ನನ್ನನ್ನು ಕ್ಷಮಿಸು.

ಇಲ್ಲ, ಎದ್ದು ಬರಬೇಡ, ಅಲ್ಲೇ ಕೂತಿರು. ಈ ಸಲ ನಾನೇ ಬರುತ್ತೇನೆ.

ಪದಾಧಿಕಾರಿಗಳೇ, ಆ ಪರದೆಯ ದಾರ ನಾನು ಎಳೆಯುವುದಿಲ್ಲ. ಕಲ್ಲು ಕೆತ್ತಿದವರನ್ನು ಮುಂದಿನ ವಾರ ಮತ್ತೆ ಕರೆಸಿ, ಏನು ಬರೆಯಬೇಕೆಂದು ರುದ್ರೇಶನನ್ನು ಕೇಳಿ. ಇಷ್ಟು ತಾಳ್ಮೆಯಿಂದ ಕೇಳಿದ ನಿಮಗೆ, ಮೂರು ಚೀಟಿ ಕಳಿಸಿಯೂ ಮೈಕು ಆರಿಸದ ಅಧ್ಯಕ್ಷರಿಗೆ, ಅಂದು ಗೇಟಿನ ಮುಂದೆ ಒಬ್ಬಳೇ ಬಂದು ನಿಂತ ನೀಲಕ್ಕನಿಗೆ ನನ್ನ ಧನ್ಯವಾದಗಳು. ಶಾಲನ್ನು ಇಲ್ಲೇ ಕುರ್ಚಿಯ ಮೇಲೆ ಇಟ್ಟು ಕೆಳಗಿಳಿಯುತ್ತಿದ್ದೇನೆ. ಮಕ್ಕಳೇ, ಸ್ವಲ್ಪ ದಾರಿ ಬಿಡಿ.

ಎಲ್ಲರಿಗೂ ನಮಸ್ಕಾರ.